ಪಲ್ಪರ್ ಕೈಕೊಟ್ಟರೆ ತ್ರೀಡಿ ಪ್ರಿಂಟರ್ ಏನು ಮಾಡೀತು?

ಚಿಕ್ಕಮಗಳೂರಿನ ಕಡೆ ಡಿಸೆಂಬರ್ ಬಂತೆಂದರೆ ಅರೇಬಿಕಾ ಕಾಫಿ ಕೊಯ್ಲಿನ ಭರಾಟೆ. ಕೊಯ್ದ ಹಣ್ಣನ್ನು ಅವತ್ತೇ ಸಿಪ್ಪೆ ಸುಲಿಯುವ ಮೆಷಿನ್, ಅಂದರೆ ಪಲ್ಪರ್‌ಗೆ ಹಾಕಬೇಕು. ರಾಶಿಯಲ್ಲೇ ಬಿಟ್ಟರೆ ಹುಳಿ ಬಂದು ಬೀಜದ ರುಚಿ ಕೆಡುತ್ತದೆ. ಅಂಥ ಹೊತ್ತಿನಲ್ಲಿ, ಹಣ್ಣು ಒಳಗೆ ಬಿಡುವ ಕಡೆಯ ಒಂದು ಸಣ್ಣ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿದುಕೊಂಡರೆ? ಹಳೇ ಮಾಡೆಲ್ ಆದರೆ ಸ್ಪೇರ್ ಸಿಗುವುದಿಲ್ಲ. ಅಷ್ಟಕ್ಕೇ ಇಡೀ ಮೆಷಿನ್ ಗುಜರಿ ಸೇರುತ್ತದೆ. ತ್ರೀಡಿ ಪ್ರಿಂಟಿಂಗ್ ನಮ್ಮ ಕಡೆ ನಿಜವಾಗಿ ಬೇಕಿರುವುದು ಇಲ್ಲೇ ಅಂತ ನನಗನ್ನಿಸುತ್ತದೆ.

ಲೇತ್‌ನಲ್ಲಿ ಲೋಹದ ಗಟ್ಟಿಯನ್ನು ಕೆತ್ತುತ್ತಾ ಹೋಗುತ್ತೇವೆ, ಕೆತ್ತಿದ್ದೆಲ್ಲ ಸಿಪ್ಪೆ. ಪ್ರಿಂಟರ್‌ನದು ಉಲ್ಟಾ. ಚಕ್ಕುಲಿ ಒತ್ತಿದ ಹಾಗೆ ಕರಗಿದ ಪ್ಲಾಸ್ಟಿಕ್ ಎಳೆಯನ್ನು ಪದರದ ಮೇಲೆ ಪದರ ಹಾಕುತ್ತದೆ. ಒಂದು ಪದರ ಸುಮಾರು 0.2 ಮಿಲಿಮೀಟರ್ ದಪ್ಪ. ಈ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿಯಿತು, ಬೆಲೆ ಇಳಿದು ಸಣ್ಣ ವರ್ಕ್‌ಶಾಪಿಗೂ ಎಟುಕಿತು.

ಲೋಹದಲ್ಲೂ ಇದು ನಡೆಯುತ್ತದೆ. 2024ರ ಮೇ ತಿಂಗಳಲ್ಲಿ ಇಸ್ರೋ, ಪಿಎಸ್‌ಎಲ್‌ವಿಯ (ಉಪಗ್ರಹ ಹಾರಿಸುವ ರಾಕೆಟ್) ನಾಲ್ಕನೇ ಹಂತದ ಎಂಜಿನ್ನನ್ನು ಹೀಗೇ ಮಾಡಿ 665 ಸೆಕೆಂಡ್ ಉರಿಸಿ ನೋಡಿತು. 14 ಬಿಡಿಭಾಗ ಸೇರಿ ಒಂದೇ ಆಯಿತು. 565 ಕೆಜಿ ಲೋಹ ಬೇಕಿದ್ದ ಕಡೆ 13.7 ಕೆಜಿ ಪುಡಿ ಸಾಕಾಯಿತು!

ನಮ್ಮ ಗೇರ್‌ಗೆ ಅಷ್ಟೆಲ್ಲ ಬೇಡ. ಆದರೂ ಸುಮ್ನೆ ಬಟನ್ ಒತ್ತಿದರೆ ಆಗುವ ಕೆಲಸವಲ್ಲ. ಮುರಿದ ಗೇರನ್ನು ವರ್ನಿಯರ್‌ನಲ್ಲಿ ಅಳೆದು, ಹಲ್ಲು ಎಣಿಸಿ, ಕಂಪ್ಯೂಟರಿನಲ್ಲಿ ಅದರ ಚಿತ್ರ ಬರೆಯಬೇಕು. ಪ್ರಿಂಟ್ ಆದಾಗ ತೂತು ಸ್ವಲ್ಪ ಬಿಗಿಯಾಗೇ ಬರುತ್ತದೆ, ಮೊದಲೇ ಒಂಚೂರು ಜಾಸ್ತಿ ಬಿಟ್ಟಿರಬೇಕು. ಪದರಗಳು ಅಂಟುವ ಜಾಗವೇ ವೀಕು. ಗೇರನ್ನು ಮಲಗಿಸಿ ಪ್ರಿಂಟ್ ಮಾಡಿದರೆ ಹಲ್ಲು ತಡೆಯುತ್ತದೆ. ನಿಲ್ಲಿಸಿ ಮಾಡಿದರೆ ಕೆಲವು ಹಲ್ಲು ಪದರದ ಗೆರೆಯಲ್ಲೇ ಕಿತ್ತು ಬರುತ್ತವೆ. ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಅಗ್ಗ, ಆದರೆ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಮೋಟಾರ್ ಪಕ್ಕಕ್ಕೆ ನೈಲಾನ್ ವಾಸಿ. ತುಂಬಾ ಭಾರ ಬೀಳುವ ಕಡೆ ಕಬ್ಬಿಣವೇ ಬೇಕು.

ಪರಿಸರಕ್ಕೆ ಒಳ್ಳೇದು ಅಂತ ಕಣ್ಣುಮುಚ್ಚಿ ಹೇಳುವ ಹಾಗಿಲ್ಲ. ಒಂದೇ ವಸ್ತು ಸಾವಿರಗಟ್ಟಲೆ ಬೇಕಿದ್ದರೆ ಅಚ್ಚಿನಲ್ಲಿ ಎರೆಯುವುದೇ ಅಗ್ಗ, ಕರೆಂಟೂ ಕಮ್ಮಿ. ಕೆಟ್ಟ ಪ್ರಿಂಟು, ಆಸರೆಗೆ ಹಾಕಿದ ಪ್ಲಾಸ್ಟಿಕ್ಕು ಕಸಕ್ಕೇ ಹೋಗುತ್ತವೆ. ಒಂದೋ ಎರಡೋ ಬೇಕಾದಾಗ ಮಾತ್ರ ಲೆಕ್ಕ ತಿರುಗುತ್ತದೆ. ಸ್ಪೇರ್ ತಂದು ಗೋಡೌನ್ ತುಂಬಬೇಕಿಲ್ಲ, ಫೈಲ್ ಇದ್ದರೆ ಸಾಕು. ಕ್ವಿಂಟಲ್‌ಗಟ್ಟಲೆ ಕಬ್ಬಿಣದ ಮೆಷಿನ್ ಇನ್ನೂ ಹತ್ತಾರು ಕೊಯ್ಲು ಕಾಣುತ್ತದೆ.

ಮಳೆಗಾಲದಲ್ಲಿ ಪಲ್ಪರ್ ಹೇಗೂ ಖಾಲಿ ನಿಂತಿರುತ್ತದೆ ಅಲ್ವಾ? ಆಗಲೇ ಬಿಚ್ಚಿ, ಸವೆಯುವ ಭಾಗಗಳ ಅಳತೆ ತೆಗೆದಿಡಬಹುದು. ನಾಲ್ಕು ತೋಟದವರು ಸೇರಿ ಒಂದು ಪ್ರಿಂಟರ್ ಕೊಳ್ಳಬಹುದು. ಊರಿನ ಲೇತ್ ವರ್ಕ್‌ಶಾಪಿನವರು ಕಲಿತರಂತೂ ಇನ್ನೂ ಒಳ್ಳೇದು, ಯಾವ ಮೆಷಿನ್ನಿನಲ್ಲಿ ಯಾವುದು ಮೊದಲು ಮುರಿಯುತ್ತದೆ ಅಂತ ಅವರಿಗೇ ಗೊತ್ತು.