ಸುಮ್ನೆ ಕೂತ ಸರ್ವರ್ ತಿನ್ನುವ ಕರೆಂಟ್: ಗೋಲ್ಡ್ ಬ್ಯಾಡ್ಜ್ ಹೇಳದ ಲೆಕ್ಕ

ಫೋಟೋ, ಸಿನಿಮಾ, ಬ್ಯಾಕಪ್ ಇಟ್ಟುಕೊಳ್ಳಲು ಮನೆಯಲ್ಲೇ ಸಣ್ಣ ಸರ್ವರ್ ಕಟ್ಟುವವರು ಈಗ ಜಾಸ್ತಿಯಾಗಿದ್ದಾರೆ. ಮೊದಲ ಕರೆಂಟ್ ಬಿಲ್ ಬಂದಾಗ ಅವರಿಗೆ ಹೊಳೆಯುವ ಮೊದಲ ಪರಿಹಾರ ಒಳ್ಳೆಯ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿ ಕೊಡುವ ಪೆಟ್ಟಿಗೆ. ವಿಚಾರಿಸಲು ಹೋದರೆ ಗೋಲ್ಡ್, ಪ್ಲಾಟಿನಂ, ಟೈಟಾನಿಯಂ ಎಂಬ ದಕ್ಷತೆಯ ಬ್ಯಾಡ್ಜುಗಳು, ಸಿ-ಸ್ಟೇಟ್ ಎಂಬ ಪ್ರೊಸೆಸರ್ ನಿದ್ದೆಯ ಹಂತಗಳು ಅಂತ ನೂರೆಂಟು ಮಾತು ಕಿವಿಗೆ ಬೀಳುತ್ತವೆ. ಎಸ್‌ಎಂಪಿಎಸ್ ಬದಲಿಸಿ ಎನ್ನುವವರೂ ಇದ್ದಾರೆ, ಅದರಿಂದ ಏನೂ ಉಪಯೋಗವಿಲ್ಲ ಎನ್ನುವವರೂ ಇದ್ದಾರೆ. ಇಬ್ಬರ ಮಾತಿಗೂ ಆಧಾರವಿದೆ.

1981ರ ಐಬಿಎಂ ಪಿಸಿಯಲ್ಲಿದ್ದದ್ದು 63.5 ವ್ಯಾಟಿನ ಎಸ್‌ಎಂಪಿಎಸ್. 1995ರಲ್ಲಿ ಇಂಟೆಲ್ ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್‌ಗಳಿಗೆ ಎಟಿಎಕ್ಸ್ ಎಂಬ ವಿನ್ಯಾಸ ತಂದಿತು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡುಗಳ ಹಸಿವು ಏರಿದಂತೆ ಪೆಟ್ಟಿಗೆಯ ಮೇಲಿನ ಅಂಕಿ 300, 500, 750 ಅಂತ ಬೆಳೆಯಿತು. ಗೋಡೆಯಿಂದ 100 ವ್ಯಾಟ್ ಎಳೆದರೆ 30ರಷ್ಟು ಬರೀ ಬಿಸಿಯಾಗಿ ಹೋಗುವುದು ಆಗ ಮಾಮೂಲಿ.

ಇದನ್ನು ತಡೆಯಲು 2004ರಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳ ಹಣದ ನೆರವಿನಿಂದ 80 ಪ್ಲಸ್ ಯೋಜನೆ ಶುರುವಾಯಿತು. ಎಸ್‌ಎಂಪಿಎಸ್‌ನ ಪೂರ್ತಿ ಸಾಮರ್ಥ್ಯದ ಶೇ. 20, 50 ಮತ್ತು 100ರಷ್ಟು ಲೋಡ್ ಹಾಕಿದಾಗ ದಕ್ಷತೆ, ಅಂದರೆ ಗೋಡೆಯಿಂದ ಎಳೆದದ್ದರಲ್ಲಿ ಕಂಪ್ಯೂಟರಿಗೆ ತಲುಪುವ ಪಾಲು, ಕನಿಷ್ಠ ಶೇ. 80 ಇರಬೇಕು ಎಂಬುದು ಷರತ್ತು. 2005ರಲ್ಲಿ ಎಸ್‌ಎಂಪಿಎಸ್ ತಯಾರಿಸುವ ಸೀಸಾನಿಕ್ ಕಂಪನಿ ಮೊದಲ ಪ್ರಮಾಣಪತ್ರ ಪಡೆಯಿತು. 2007ರಲ್ಲಿ ಅಮೆರಿಕ ಸರ್ಕಾರದ ವಿದ್ಯುತ್ ಉಳಿತಾಯದ ಗುರುತಾದ ಎನರ್ಜಿ ಸ್ಟಾರ್ ಈ ಅಳತೆಯನ್ನೇ ತೆಗೆದುಕೊಂಡಿತು. 2008ರಲ್ಲಿ ಇನ್ನೂ ಬಿಗಿಯಾದ ಬ್ರಾಂಜ್, ಸಿಲ್ವರ್, ಗೋಲ್ಡ್ ಬ್ಯಾಡ್ಜುಗಳು ಬಂದವು, ಆಮೇಲೆ ಪ್ಲಾಟಿನಂ ಮತ್ತು ಟೈಟಾನಿಯಂ. ಕೆಲಸ ಮಾಡುತ್ತಿರುವ ಕಂಪ್ಯೂಟರಿನ ಮಟ್ಟಿಗೆ ಇದರಿಂದ ಆದ ಲಾಭ ತುಂಬಾ ದೊಡ್ಡದು.

ಆದರೆ ಮನೆಯ ಸರ್ವರ್ ದಿನದ ಹೆಚ್ಚು ಹೊತ್ತು ಸುಮ್ನೆ ಕೂತಿರುತ್ತದೆ. ಅದಕ್ಕೆ 550 ವ್ಯಾಟಿನ ಗೋಲ್ಡ್ ಎಸ್‌ಎಂಪಿಎಸ್ ಹಾಕಿದ್ದೀರಿ ಅಂದುಕೊಳ್ಳಿ. ಅದರ ಶೇ. 20 ಅಂದರೆ 110 ವ್ಯಾಟ್. ಬ್ಯಾಡ್ಜ್ ಕೊಡುವ ಭರವಸೆ ಅಲ್ಲಿಂದ ಮೇಲಕ್ಕೆ ಮಾತ್ರ. ಸುಮ್ನಿರುವ ಸರ್ವರಿಗೆ ಬೇಕಾದದ್ದು 15–20 ವ್ಯಾಟ್, ಅಂದರೆ ಶೇ. 4ಕ್ಕಿಂತ ಕಡಿಮೆ. ಆ ಜಾಗದಲ್ಲಿ ದಕ್ಷತೆ ಶೇ. 80 ಇದೆಯೋ 55 ಇದೆಯೋ, ಗೋಲ್ಡ್ ಅಂತ ಓದಿದವರಿಗೆ ತಿಳಿಯುವುದೇ ಇಲ್ಲ. ಟೈಟಾನಿಯಂನಲ್ಲಿ ಶೇ. 10ರ ಪರೀಕ್ಷೆಯೂ ಇದೆ, ಆದರೆ 550ರಲ್ಲಿ ಅದೂ 55 ವ್ಯಾಟ್.

ಕಡಿಮೆ ಲೋಡಿನಲ್ಲಿ ದಕ್ಷತೆ ಬೀಳುವುದಕ್ಕೆ ಕಾರಣ ಸರಳ. ಕಲ್ಲು ಖಾಲಿ ತಿರುಗಿದರೂ ಗ್ರೈಂಡರ್ ಮೋಟಾರಿಗೆ ಕರೆಂಟ್ ಬೇಕೇ ಬೇಕಲ್ವಾ? ಎಸ್‌ಎಂಪಿಎಸ್ ಒಳಗೂ ಹಾಗೇ. ಸ್ವಿಚಿಂಗ್ ಟ್ರಾನ್ಸಿಸ್ಟರುಗಳು, ಟ್ರಾನ್ಸ್‌ಫಾರ್ಮರಿನ ಕೋರ್, ಕಂಟ್ರೋಲ್ ಚಿಪ್, ಪವರ್ ಫ್ಯಾಕ್ಟರ್ ಸರಿಪಡಿಸುವ ಭಾಗ, ಇವುಗಳ ಪಾಲು ಲೋಡ್ ಇಳಿದಷ್ಟೂ ಇಳಿಯುವುದಿಲ್ಲ. 400 ವ್ಯಾಟ್ ಕೊಡುವಾಗ 5 ವ್ಯಾಟ್ ಪೋಲಾದರೆ ಲೆಕ್ಕಕ್ಕಿಲ್ಲ. 15 ವ್ಯಾಟ್ ಕೊಡುವಾಗ ಅದೇ 5 ವ್ಯಾಟ್, ಗೋಡೆಯಿಂದ ಎಳೆದ 20ರಲ್ಲಿ ಕಾಲು ಭಾಗ.

ಈ ಕೆಳಗಿನ ತುದಿ ಮೊದಲು ಸುದ್ದಿಯಾದದ್ದು 2013ರಲ್ಲಿ. ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್ ಗಾಢ ನಿದ್ದೆಗೆ ಜಾರಿದಾಗ 12 ವೋಲ್ಟ್ ಲೈನಿನಿಂದ 0.05 ಆಂಪಿಯರ್ ಮಾತ್ರ ಎಳೆಯಬಹುದಿತ್ತು. ಹಳೆಯ ವಿನ್ಯಾಸಗಳಲ್ಲಿ 12 ಮತ್ತು 5 ವೋಲ್ಟ್ ಎರಡನ್ನೂ ಒಟ್ಟಿಗೆ ನಿಯಂತ್ರಿಸುತ್ತಿದ್ದರು. 12ರ ಕಡೆ ಲೋಡೇ ಇಲ್ಲದಿದ್ದರೆ ವೋಲ್ಟೇಜ್ ದಾರಿ ತಪ್ಪಿ ಎಸ್‌ಎಂಪಿಎಸ್ ಆಫ್ ಆಗುವ ಭಯ. ಹಾಗಾಗಿ ಪೆಟ್ಟಿಗೆಗಳ ಮೇಲೆ ಹ್ಯಾಸ್‌ವೆಲ್ ರೆಡಿ ಎಂಬ ಮುದ್ರೆ ಬಂತು. ಬರೀ 12 ವೋಲ್ಟ್ ತಯಾರಿಸಿ, ಅದರಿಂದಲೇ 5 ಮತ್ತು 3.3 ಇಳಿಸಿಕೊಳ್ಳುವ ವಿನ್ಯಾಸ ಮಾಮೂಲಿಯಾಯಿತು. ಆದರೂ ಆ ಮುದ್ರೆ ಹೇಳಿದ್ದು ಮಷಿನ್ ಆಫ್ ಆಗುವುದಿಲ್ಲ ಅಂತ ಮಾತ್ರ. ಎಷ್ಟು ಪೋಲಾಗುತ್ತದೆ ಅಂತ ಅಲ್ಲ.

ಆಮೇಲಿನ ಒತ್ತಡ ಕ್ಯಾಲಿಫೋರ್ನಿಯಾದಿಂದ. ಕಂಪ್ಯೂಟರ್ ಸುಮ್ಮನಿದ್ದಾಗ, ನಿದ್ದೆಯಲ್ಲಿದ್ದಾಗ ಬಳಸುವ ವಿದ್ಯುತ್ತಿಗೆ ಅಲ್ಲಿನ ಸರ್ಕಾರ 2019 ಮತ್ತು 2021ರಲ್ಲಿ ಎರಡು ಹಂತದಲ್ಲಿ ಮಿತಿ ಹಾಕಿತು. ಇಂಟೆಲ್ ಎಟಿಎಕ್ಸ್12ವಿಒ ಮುಂದಿಟ್ಟಿತು: ಎಸ್‌ಎಂಪಿಎಸ್ 12 ವೋಲ್ಟ್ ಮಾತ್ರ ಕೊಡಲಿ, ಉಳಿದದ್ದನ್ನು ಮದರ್‌ಬೋರ್ಡ್ ನೋಡಿಕೊಳ್ಳಲಿ. ದೊಡ್ಡ ಬ್ರ್ಯಾಂಡುಗಳ ಆಫೀಸ್ ಪಿಸಿಗಳು ತಮ್ಮದೇ ರೀತಿಯಲ್ಲಿ ಇದನ್ನು ಮೊದಲೇ ಮಾಡುತ್ತಿದ್ದವು. ಬಿಡಿಬಿಡಿಯಾಗಿ ಕೊಂಡು ಜೋಡಿಸುವವರ ಮಾರುಕಟ್ಟೆಯಲ್ಲಿ ಮಾತ್ರ ಇದು ಬೇರು ಬಿಡಲಿಲ್ಲ. ಬೋರ್ಡಿನ ಖರ್ಚು ಏರುತ್ತದೆ, ಹಳೇ ಎಸ್‌ಎಂಪಿಎಸ್ ಹೊಂದುವುದಿಲ್ಲ. ಹೆಜ್ಜೆ ಇಟ್ಟ ಕಂಪನಿಗಳು ಬೆರಳೆಣಿಕೆಯಷ್ಟೇ. ಒಳ್ಳೆಯ ಅವಕಾಶವೊಂದು ಹಾಗೇ ಜಾರಿಹೋಯಿತು. ಆ ಹೊತ್ತಿನ ಇಂಟೆಲ್ ಮಾರ್ಗಸೂಚಿಯಲ್ಲಿ ಇನ್ನೊಂದು ಒಳ್ಳೆಯ ಸಾಲೂ ಬಂತು: 10 ವ್ಯಾಟ್ ಅಥವಾ ಶೇ. 2ರಷ್ಟು ಲೋಡಿನಲ್ಲಿ ದಕ್ಷತೆ ಕನಿಷ್ಠ ಶೇ. 60 ಇರಬೇಕು.

2022ರಲ್ಲಿ ಯುರೋಪಿನಲ್ಲಿ ಕರೆಂಟ್ ದರ ಗಗನಕ್ಕೇರಿದಾಗ, ಮುಖ್ಯವಾಗಿ ಜರ್ಮನಿಯಲ್ಲಿ, ಜನ ಒಂದೊಂದು ವ್ಯಾಟಿಗೂ ಲೆಕ್ಕ ಇಡತೊಡಗಿದರು. ಆಗ ಹೆಸರು ಮಾಡಿದ್ದು ಟೈಟಾನಿಯಂ ಅಲ್ಲ. ಕಡಿಮೆ ಲೋಡಿನಲ್ಲೂ ಹೆಚ್ಚು ಪೋಲು ಮಾಡದ ಕೋರ್ಸೇರ್ ಆರ್‌ಎಂ550ಎಕ್ಸ್ ಎಸ್‌ಎಂಪಿಎಸ್‌ನ 2021ರ ಆವೃತ್ತಿ, ಬರೀ ಗೋಲ್ಡ್.

ನಮ್ಮ ಲೆಕ್ಕಕ್ಕೆ ಬರೋಣ. ಸದಾ 50 ವ್ಯಾಟ್ ಎಳೆಯುವ ಸರ್ವರ್ ತಿಂಗಳಿಗೆ 36 ಯೂನಿಟ್ ತಿನ್ನುತ್ತದೆ. ಗೃಹಜ್ಯೋತಿಯಲ್ಲಿರುವ ಮನೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಅಂಚಿನಲ್ಲಿರುವವರಿಗೆ ಈ 36 ಸಣ್ಣದಲ್ಲ. ಆದರೆ ಎಸ್‌ಎಂಪಿಎಸ್ ಒಂದರಿಂದಲೇ ಎಷ್ಟು ಉಳಿಯುತ್ತದೆ? ಒಳಗೆ 15 ವ್ಯಾಟ್ ಬೇಕಿದ್ದರೆ, ಶೇ. 60ರ ಎಸ್‌ಎಂಪಿಎಸ್ ಗೋಡೆಯಿಂದ 25 ವ್ಯಾಟ್ ಎಳೆಯುತ್ತದೆ, ಶೇ. 80ರದ್ದು ಸುಮಾರು 19. ಆರು ವ್ಯಾಟ್ ಅಂದರೆ ವರ್ಷಕ್ಕೆ ಸುಮಾರು 53 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 320 ರೂಪಾಯಿಯ ಆಸುಪಾಸು. ಚೆನ್ನಾಗಿರುವ ಎಸ್‌ಎಂಪಿಎಸ್ ಬಿಸಾಡಿ ಸಾವಿರಾರು ರೂಪಾಯಿಯ ಹೊಸದು ತರಲು ಇದು ಸಾಲದು. ಹೊಸದಾಗಿ ಕಟ್ಟುವಾಗ ಆರಿಸುವುದು ಬೇರೆ ಮಾತು.

ಅದಕ್ಕೆ ಮೊದಲು ನೋಡಬೇಕಾದದ್ದು ಬೇರೆ ಇವೆ. ಸುತ್ತುತ್ತಲೇ ಇರುವ ಒಂದೊಂದು 3.5 ಇಂಚಿನ ಡಿಸ್ಕ್ ಸುಮಾರು 4–6 ವ್ಯಾಟ್ ತಿನ್ನುತ್ತದೆ. ಹೆಚ್ಚು ಡಿಸ್ಕ್ ಜೋಡಿಸಲು ಹಾಕುವ ಹಳೇ ಸಾಟಾ ಕಾರ್ಡ್ ಒಂದೇ ಸಾಕು, ಪ್ರೊಸೆಸರ್ ಗಾಢ ಸಿ-ಸ್ಟೇಟಿಗೆ ಹೋಗದಂತೆ ತಡೆಯಲು. ಡಿಸ್ಕ್ ಒಂದೆರಡು ಸಾಕು ಎನ್ನುವವರಿಗೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸಿಗುವ ಹಳೇ ಆಫೀಸ್ ಮಿನಿ ಪಿಸಿ ಎಷ್ಟೋ ವಾಸಿ. ಅದರ 65 ವ್ಯಾಟಿನ ಅಡಾಪ್ಟರಿಗೆ 13 ವ್ಯಾಟ್ ಅಂದರೇ ಶೇ. 20 ಆಯಿತು. ಇಂಥ ಅಡಾಪ್ಟರ್ ಏನೂ ಜೋಡಿಸದೆ ಪ್ಲಗ್ಗಿನಲ್ಲಿದ್ದಾಗ 0.21 ವ್ಯಾಟ್ ಮೀರುವಂತಿಲ್ಲ ಅಂತ ಅಮೆರಿಕ 2016ರಿಂದಲೇ ನಿಯಮ ಮಾಡಿದೆ. ಎಸ್‌ಎಂಪಿಎಸ್‌ಗೂ ಇಷ್ಟು ಕಟ್ಟುನಿಟ್ಟು ಬಂದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ಅಳೆಯುವಾಗ ಒಂದು ಎಚ್ಚರ: ಮೀಟರ್ ವ್ಯಾಟ್ ಜೊತೆಗೆ ವಿಎ (ವೋಲ್ಟ್ ಗುಣಿಸು ಆಂಪಿಯರ್) ಕೂಡ ತೋರಿಸಬಹುದು; ಕಡಿಮೆ ಲೋಡಿನಲ್ಲಿ ಪವರ್ ಫ್ಯಾಕ್ಟರ್, ಅಂದರೆ ವಿಎಯಲ್ಲಿ ವ್ಯಾಟಿನ ಪಾಲು, ಬೀಳುವುದರಿಂದ ವಿಎ ಅಂಕಿ ವ್ಯಾಟಿಗಿಂತ ತುಂಬಾ ಜಾಸ್ತಿ ಕಾಣುತ್ತದೆ. ಮನೆಯ ಬಿಲ್ಲಿಗೆ ಲೆಕ್ಕ ವ್ಯಾಟಿನದ್ದೇ. ಕೊಳ್ಳುವ ಮುನ್ನ ಬ್ಯಾಡ್ಜಿನ ಬಣ್ಣ ಬಿಟ್ಟು, ಎಸ್‌ಎಂಪಿಎಸ್‌ಗಳನ್ನು ಪರೀಕ್ಷಿಸುವ ಸೈಬೆನೆಟಿಕ್ಸ್ ಲ್ಯಾಬ್‌ನ ವರದಿ ತೆರೆಯಿರಿ. 115 ವೋಲ್ಟಿನದ್ದಲ್ಲ, ನಮ್ಮ 230 ವೋಲ್ಟಿನದ್ದು. ಅದರಲ್ಲಿ 20 ವ್ಯಾಟ್ ಲೋಡಿನ ಸಾಲು ಸಿಗುತ್ತದೆ.