ಪ್ಲೇಆಫ್‌ಗೆ ಮುಂಚೆ ಮೇನ್ ಆಟಗಾರರನ್ನು ಕೂರಿಸಿದರೆ ‘ಟಚ್’ ಹೋಗುತ್ತಾ?

ಪ್ರಶ್ನೆ: “ಸರ್, ನಮ್ ಫುಟ್‌ಬಾಲ್ ಟೀಮು ಒಂದಾದ ಮೇಲೊಂದು ಮ್ಯಾಚ್ ಗೆಲ್ತಾ ಬಂದಿದೆ. ಪ್ಲೇಆಫ್‌ಗೆ (ಲೀಗ್ ಮುಗಿದ ಮೇಲಿನ ನಾಕೌಟ್ ಸುತ್ತಿಗೆ) ಹೋಗೋದೂ ಗ್ಯಾರಂಟಿ. ಇಂಥ ಟೈಮಲ್ಲಿ ಕೋಚ್ ಮೇನ್ ಪ್ಲೇಯರ್‌ಗಳನ್ನ ಬೆಂಚಲ್ಲಿ ಕೂರಿಸಿ ಹೊಸ ಹುಡುಗರನ್ನ ಇಳಿಸ್ತಾರಲ್ಲ, ಟಚ್, ಅಂದ್ರೆ ಆಟದ ಹಿಡಿತ, ಹೋಗಲ್ವಾ? ಗೆಲ್ಲೋ ಟೀಮನ್ನ ಯಾಕೆ ಮುಟ್ಟಬೇಕು?”

ಪ್ರತಿ ಸೀಸನ್ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ದಾವಣಗೆರೆಯ ನಿಟುವಳ್ಳಿಯಿಂದ ಬಂದಿದೆ, ಹರಿಹರದಿಂದ ಬಂದಿದೆ, ಚನ್ನಗಿರಿಯಿಂದ ಎರಡು ಸಲ ಬಂದಿದೆ. ಬೆಳಿಗ್ಗೆ ಮೈದಾನದಲ್ಲಿ ಹುಡುಗರಿಗೆ ಆಟ ಕಲಿಸುವಾಗ ಅವರ ಅಪ್ಪಂದಿರು ಗೆರೆಯ ಪಕ್ಕ ನಿಂತು ಇದನ್ನೇ ಕೇಳುತ್ತಾರೆ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋದರೆ ಅಲ್ಲಿಯೂ ಇದೇ ಮಾತು. ಹೇಳಿ ಹೇಳಿ ನನಗೂ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಚಿಕ್ಕ ಉತ್ತರ ಇಷ್ಟೇ: ಟಚ್ ಹೋಗುವುದಿಲ್ಲ. ವರ್ಷಗಟ್ಟಲೆ ದಿನವೂ ಚೆಂಡು ಮುಟ್ಟಿದ ಕಾಲು ಒಂದು ಪಂದ್ಯ ಬಿಟ್ಟರೆ ಅದನ್ನು ಮರೆಯುವುದಿಲ್ಲ.

ಕೋಚ್ ಯಾಕೆ ಕೂರಿಸುತ್ತಾರೆ ಅನ್ನುವುದು ನಿಮಗೇ ಗೊತ್ತಿರುವ ವಿಷಯ. ಗಾಯ ಆಗಬಾರದು. ಹಳದಿ ಕಾರ್ಡ್ (ರೆಫರಿ ಕೊಡುವ ಎಚ್ಚರಿಕೆ) ಜಾಸ್ತಿಯಾಗಿ ಯಾರೂ ಮುಖ್ಯ ಪಂದ್ಯ ತಪ್ಪಿಸಿಕೊಳ್ಳಬಾರದು. ದಣಿದ ಕಾಲಿಗೆ ಸ್ವಲ್ಪ ಬಿಡುವು ಬೇಕು. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಎಲ್ಲರೂ ತಲೆ ಆಡಿಸಿ, ಆಮೇಲೆ “ಅದೆಲ್ಲಾ ಸರಿ ಸರ್, ಆದ್ರೆ ಟಚ್...” ಅನ್ನುತ್ತಾರೆ. ಹಾಗಾಗಿ ಆ ‘ಟಚ್’ ಬಗ್ಗೆಯೇ ಮಾತಾಡೋಣ.

ಮೊದಲನೆಯದಾಗಿ, ಪಂದ್ಯದಿಂದ ವಿಶ್ರಾಂತಿ ಅಂದರೆ ಮನೆಯಲ್ಲಿ ಮಲಗುವುದಲ್ಲ. ಆ ವಾರವೂ ಆಟಗಾರ ದಿನಾ ಅಭ್ಯಾಸಕ್ಕೆ ಬರುತ್ತಾನೆ. ಚಿಕ್ಕ ಮೈದಾನದಲ್ಲಿ ನಾಲ್ಕು ನಾಲ್ಕು ಜನರ ಆಟ ಆಡುತ್ತಾನೆ. ಅಲ್ಲಿ ಒಬ್ಬೊಬ್ಬನಿಗೂ ಸಿಗುವ ಚೆಂಡು ದೊಡ್ಡ ಪಂದ್ಯದಲ್ಲಿ ಸಿಗುವುದಕ್ಕಿಂತ ಜಾಸ್ತಿ. ವಾರದಲ್ಲಿ ಒಂದೆರಡು ಸಲ ಪೂರ್ತಿ ವೇಗದಲ್ಲಿ ಓಡಿಸುತ್ತಾರೆ. ಕಾರ್ನರ್, ಫ್ರೀ ಕಿಕ್ ಎಲ್ಲವೂ ಇರುತ್ತದೆ. ಇಲ್ಲದಿರುವುದು ಇಷ್ಟೇ: 10 ರಿಂದ 12 ಕಿಲೋಮೀಟರ್ ಓಟ, ಎದುರಾಳಿಯ ಒದೆ, 90 ನಿಮಿಷದ ಎಳೆದಾಟ.

ನಮ್ಮ ಊರಿನವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿ ಬಂದಿದ್ದೇ ಆಶ್ಚರ್ಯ. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿ ಬೆಳೆದವರು ನಾವು. ಕಣಕ್ಕೆ ಇಳಿಯುವ ಹಿಂದಿನ ದಿನ ಯಾವ ಉಸ್ತಾದ್ ತನ್ನ ಪೈಲ್ವಾನನನ್ನು ಬಿರುಸಾದ ಜೋಡಿಗೆ ಬಿಟ್ಟು ಸುಸ್ತು ಮಾಡಿಸುತ್ತಾನೆ? ದಂಡ ಬೈಠಕ್ ಕಡಿಮೆ ಮಾಡಿಸುತ್ತಾನೆ, ಪಟ್ಟುಗಳನ್ನು ಮಾತ್ರ ತಿದ್ದುತ್ತಾನೆ. ಅಲ್ಲಿ ಯಾರೂ “ಟಚ್ ಹೋಗುತ್ತೆ” ಅನ್ನುವುದಿಲ್ಲ. ಫುಟ್‌ಬಾಲ್‌ಗೆ ಬಂದಾಗ ಮಾತ್ರ ಯಾಕೆ ಆ ಭಯ?

ಓಟ, ಈಜು, ಸೈಕಲ್ ಆಟಗಾರರ ಮೇಲೆ ನಡೆದ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ದೊಡ್ಡ ಸ್ಪರ್ಧೆಗೆ ಸುಮಾರು 2 ವಾರ ಇರುವಾಗ ಅಭ್ಯಾಸದ ಪ್ರಮಾಣವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಬೇಕು. ಆದರೆ ವೇಗ ಇಳಿಸಬಾರದು. ಹಾಗೆ ಮಾಡಿದವರ ಸಾಧನೆ ಹೆಚ್ಚುತ್ತದೆ, ಕುಸಿಯುವುದಿಲ್ಲ.

ಇನ್ನು ದಣಿವಿನ ಮಾತು. “ಅವನು ಚೆನ್ನಾಗೇ ಓಡ್ತಾ ಇದಾನಲ್ಲ, ಅವನಿಗ್ಯಾಕೆ ರೆಸ್ಟು?” ಇದೂ ನಾನು ತುಂಬಾ ಕೇಳಿದ್ದೇನೆ. ಯುರೋಪಿನ ಚಾಂಪಿಯನ್ಸ್ ಲೀಗ್ ಆಡುತ್ತಿದ್ದ ಒಂದು ತಂಡದ 32 ಆಟಗಾರರನ್ನು 2 ಸೀಸನ್ ಗಮನಿಸಿ ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ವಾರಕ್ಕೆ 1 ಪಂದ್ಯ ಆಡಿದಾಗಲೂ 2 ಪಂದ್ಯ ಆಡಿದಾಗಲೂ ಅವರು ಓಡಿದ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಗಾಯಗಳ ಲೆಕ್ಕ ನೋಡಿ. ವಾರಕ್ಕೆ 1 ಪಂದ್ಯವಿದ್ದಾಗ ಮೈದಾನದಲ್ಲಿ ಕಳೆದ 1000 ಗಂಟೆಗೆ 4.1 ಗಾಯ. 2 ಪಂದ್ಯವಿದ್ದಾಗ 25.6. ಸುಮಾರು 6 ಪಟ್ಟು! ಓಟದಲ್ಲಿ ಕಾಣದ ದಣಿವು ಗಾಯದಲ್ಲಿ ಕಾಣಿಸುತ್ತದೆ. ಗ್ಯಾಲರಿಯಲ್ಲಿ ಕೂತು “ಚೆನ್ನಾಗೇ ಓಡ್ತಾ ಇದಾನೆ” ಅಂದರೆ ಏನೂ ತಿಳಿದಂತಾಗಲಿಲ್ಲ.

ಇದು ನನಗೆ ಓದಿ ಮಾತ್ರ ಗೊತ್ತಾದದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶಾಲಾ ಟೂರ್ನಮೆಂಟ್‌ನಲ್ಲಿ ನಮ್ಮ ಹುಡುಗರು ಸೆಮಿಫೈನಲ್‌ಗೆ ಆಗಲೇ ಹೋಗಿದ್ದರು. ಲೀಗಿನ ಕೊನೆಯ ಪಂದ್ಯ ಗೆದ್ದರೂ ಸೋತರೂ ಒಂದೇ. ಗೆಲ್ಲುವ ತಂಡ ಮುಟ್ಟಬೇಡಿ ಎಂದು ಎಲ್ಲರೂ ಹೇಳಿದರು, ನಾನೂ ಒಪ್ಪಿದೆ. ಎಡಗಡೆ ಆಡುತ್ತಿದ್ದ ಹುಡುಗ, ನಮ್ಮ ತಂಡದಲ್ಲೇ ಜೋರಾಗಿ ಓಡುತ್ತಿದ್ದವನು, ಎರಡನೇ ಅರ್ಧದಲ್ಲಿ ಓಡುತ್ತಾ ಓಡುತ್ತಾ ತೊಡೆಯ ಹಿಂಭಾಗ ಹಿಡಿದುಕೊಂಡು ಕೂತುಬಿಟ್ಟ. ಯಾರೂ ಒದ್ದಿರಲಿಲ್ಲ. ಸೆಮಿಫೈನಲ್ ದಿನ ತೊಡೆಗೆ ಬಟ್ಟೆ ಕಟ್ಟಿಕೊಂಡು ನನ್ನ ಪಕ್ಕ ಕೂತು ಅತ್ತ. ಲೀಗಿನ ಆ ಕೊನೆಯ ಪಂದ್ಯವನ್ನು ನಾವು 2-0ಯಿಂದ ಗೆದ್ದಿದ್ದೆವು. ಆ ಗೆಲುವು ಈಗ ಯಾರಿಗೂ ನೆನಪಿಲ್ಲ. ಆ ಹುಡುಗ ಅತ್ತದ್ದು ನನಗೆ ನೆನಪಿದೆ.

ಈಗ ದೊಡ್ಡ ಉದಾಹರಣೆಗೆ ಬರುತ್ತೇನೆ. 2018-19ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್). ಬೆಂಗಳೂರು ಎಫ್‌ಸಿ ಲೀಗಿನಲ್ಲಿ 34 ಅಂಕ ಪಡೆದು ಮೊದಲ ಸ್ಥಾನದಲ್ಲಿ ನಿಂತಿತು. ಗೋವಾಗೂ ಕೊನೆಗೆ 34 ಅಂಕವೇ ಆಯಿತು, ಆದರೆ ಮುಖಾಮುಖಿಯ ಎರಡೂ ಪಂದ್ಯ ನಮ್ಮವರು ಗೆದ್ದಿದ್ದರು. ಹಾಗಾಗಿ ಲೀಗಿನ ಕೊನೆಯ ಪಂದ್ಯಕ್ಕೆ ಜಮ್‌ಶೆಡ್‌ಪುರಕ್ಕೆ ಹೋಗುವ ಹೊತ್ತಿಗೆ ಮೊದಲ ಸ್ಥಾನ ಕೈಯಲ್ಲಿತ್ತು. ಕೋಚ್ ಕಾರ್ಲೆಸ್ ಕ್ವಾದ್ರಾತ್ ಮುಖ್ಯ ಆಟಗಾರರನ್ನು ಬಿಟ್ಟು ಎರಡನೇ ಸಾಲಿನವರನ್ನು ಇಳಿಸಿದರು. ಫಲಿತಾಂಶ 5-1. ಹೌದು, ಐದು ಗೋಲು ತಿಂದು ಬಂದರು. ಅವತ್ತಿನ ಕೂಗಾಟ ನಿಮಗೆ ನೆನಪಿರಬಹುದು. ಪ್ಲೇಆಫ್‌ಗೆ ಮುಂಚೆ ಹೀಗಾ ಸೋಲೋದು, ಎಲ್ಲಾ ಹೋಯ್ತು ಅಂದವರು ಎಷ್ಟು ಜನ!

ಸೆಮಿಫೈನಲ್‌ನ ಮೊದಲ ಪಂದ್ಯ ಗುವಾಹಟಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ. ಸೆಮಿಫೈನಲ್ ಎರಡು ಪಂದ್ಯಗಳದ್ದು, ಒಟ್ಟು ಗೋಲು ಲೆಕ್ಕ. ಮೊದಲನೆಯದನ್ನೂ 2-1ರಿಂದ ಸೋತರು. “ನೋಡಿದ್ರಾ ಸರ್, ಟಚ್ ಹೋಯ್ತು” ಎಂದು ನನಗೆ ಹೇಳಿದವರೇ ಹೇಳಿದರು. ಸೋತಿದ್ದು ಹೇಗೆ? ಕೊನೆಯ ಗಳಿಗೆಯ ಪೆನಾಲ್ಟಿಯಿಂದ. ಟಚ್‌ಗೂ ಅದಕ್ಕೂ ಏನು ಸಂಬಂಧ? ನಾಲ್ಕು ದಿನ ಬಿಟ್ಟು ಕಂಠೀರವದಲ್ಲಿ ಎರಡನೇ ಪಂದ್ಯ. 3-0. ಮಿಕು, ದಿಮಾಸ್, ಛೆಟ್ರಿ. ಮೂರು ಗೋಲೂ 70ನೇ ನಿಮಿಷದ ನಂತರ ಬಂದವು. ಮುಂಬೈಯಲ್ಲಿ ಫೈನಲ್, ಎದುರಿಗೆ ಗೋವಾ. 90 ನಿಮಿಷಕ್ಕೆ ಮುಗಿಯಲಿಲ್ಲ. 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಬೆಂಗಳೂರು ಚಾಂಪಿಯನ್.

ಬರೀ ವಿಶ್ರಾಂತಿಯಿಂದಲೇ ಗೆದ್ದರು ಎಂದು ನಾನು ಹೇಳುವುದಿಲ್ಲ, ಅಷ್ಟು ಸುಲಭದ ಆಟ ಇದಲ್ಲ. ಆದರೆ ಎದುರಾಳಿಯ ಕಾಲು ಸೋತಿರುವ ಹೊತ್ತಿನಲ್ಲಿ ನಮ್ಮವರು ಓಡುತ್ತಿದ್ದರು ಅನ್ನುವುದನ್ನು ಕಣ್ಣಾರೆ ನೋಡಿದ್ದೇವೆ. 5-1 ಸೋತ ದಿನ ಬೈದವರು ಆ ಫೈನಲ್ ದಿನ ಕುಣಿದರು. ಮುಂದಿನ ಸೀಸನ್‌ನಲ್ಲಿ ಮತ್ತೆ ಅದೇ ಪ್ರಶ್ನೆ ತಂದರು!

ಒಂದೇ ಉದಾಹರಣೆ ಸಾಲದು ಅನ್ನುವವರಿಗೆ 2022ರ ವಿಶ್ವಕಪ್. ಮೊದಲ 2 ಪಂದ್ಯದಲ್ಲೇ ಮುಂದಿನ ಸುತ್ತು ಖಚಿತ ಮಾಡಿಕೊಂಡ ತಂಡಗಳು ಮೂರೇ: ಫ್ರಾನ್ಸ್, ಬ್ರೆಜಿಲ್, ಪೋರ್ಚುಗಲ್. ಮೂರೂ ತಂಡ ಮೂರನೇ ಪಂದ್ಯಕ್ಕೆ ಆಟಗಾರರನ್ನು ಬದಲಾಯಿಸಿದವು. ಫ್ರಾನ್ಸ್‌ನ ಕೋಚ್ ದೆಶಾಂ ಒಮ್ಮೆಗೇ 9 ಜನರನ್ನು ಬದಲಾಯಿಸಿದರು. ಮೂರೂ ತಂಡ ಆ ಪಂದ್ಯ ಸೋತವು. ಫ್ರಾನ್ಸ್ ಟ್ಯುನೀಷಿಯಾಗೆ 1-0, ಬ್ರೆಜಿಲ್ ಕ್ಯಾಮರೂನ್‌ಗೆ 1-0, ಪೋರ್ಚುಗಲ್ ದಕ್ಷಿಣ ಕೊರಿಯಾಗೆ 2-1. ಟಚ್ ಹೋಗುವುದಾಗಿದ್ದರೆ ಮುಂದಿನ ಪಂದ್ಯದಲ್ಲಿ ಮೂರೂ ತಂಡ ತಡವರಿಸಬೇಕಿತ್ತು ಅಲ್ವಾ? ಫ್ರಾನ್ಸ್ ಪೋಲೆಂಡನ್ನು 3-1ರಿಂದ ಸೋಲಿಸಿತು. ಬ್ರೆಜಿಲ್ ಕೊರಿಯಾವನ್ನು 4-1ರಿಂದ. ಪೋರ್ಚುಗಲ್ ಸ್ವಿಟ್ಜರ್ಲೆಂಡನ್ನು 6-1ರಿಂದ. ಬ್ರೆಜಿಲ್, ಪೋರ್ಚುಗಲ್ ಆಮೇಲೆ ಕ್ವಾರ್ಟರ್ ಫೈನಲ್‌ನಲ್ಲಿ ಸೋತವು, ನಿಜ. ಅಷ್ಟು ಹೊತ್ತಿಗೆ ಮುಖ್ಯ ಆಟಗಾರರು ಮತ್ತೆ ಒಂದು ಪೂರ್ತಿ ಪಂದ್ಯ ಆಡಿ ಆಗಿತ್ತು. ಆ ಸೋಲನ್ನು ವಿಶ್ರಾಂತಿಯ ತಲೆಗೆ ಕಟ್ಟಲು ಬರುವುದಿಲ್ಲ.

ಇನ್ನೊಂದು ಮಾತು. ಆ ಕ್ಯಾಮರೂನ್ ಪಂದ್ಯದಲ್ಲೇ ಬ್ರೆಜಿಲ್‌ನ ಗೇಬ್ರಿಯಲ್ ಜೆಸುಸ್ ಮತ್ತು ಅಲೆಕ್ಸ್ ಟೆಲ್ಲೆಸ್ ಇಬ್ಬರೂ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ವಿಶ್ವಕಪ್‌ನಿಂದಲೇ ಹೊರಬಿದ್ದರು. ಗೆದ್ದರೂ ಸೋತರೂ ಮುಂದಿನ ಸುತ್ತು ತಪ್ಪದ ಪಂದ್ಯದಲ್ಲಿ! ಆ ಜಾಗದಲ್ಲಿ ದಿನಾ ಆಡುವ ಹನ್ನೊಂದು ಜನರಲ್ಲಿ ಇಬ್ಬರು ಇದ್ದಿದ್ದರೆ ಏನಾಗುತ್ತಿತ್ತು?

ಹಾಗಂತ ಕೂರಿಸುವುದೇ ಯಾವಾಗಲೂ ಸರಿ ಅಲ್ಲ. ಗಾಯದಿಂದ ಈಗಷ್ಟೇ ವಾಪಸ್ ಬಂದ ಆಟಗಾರನಿಗೆ ಬೇಕಾದದ್ದೇ ಆಟ. ಅವನಿಗೆ 45 ನಿಮಿಷವೋ 60 ನಿಮಿಷವೋ ಕೊಡಬೇಕು. ಈಗ 5 ಜನರನ್ನು ಬದಲಾಯಿಸಲು ಅವಕಾಶ ಇರುವುದರಿಂದ ಇದು ಸುಲಭ. ಗೋಲ್‌ಕೀಪರ್ ಅಷ್ಟು ಓಡುವುದಿಲ್ಲ, ಅವನನ್ನು ತೆಗೆಯಲೇಬೇಕು ಅಂತ ಇಲ್ಲ. ಮೂರು ನಾಲ್ಕು ವಾರ ಪಂದ್ಯವೇ ಇಲ್ಲದಿದ್ದರೆ ಆಟ ಮಂಕಾಗುವುದು ನಿಜ, ಅದಕ್ಕೆ ಸ್ನೇಹಪಂದ್ಯ ಆಡಿಸುತ್ತಾರೆ. ಸ್ಥಾನವೇ ಖಚಿತ ಆಗಿಲ್ಲದಿದ್ದರೆ ವಿಶ್ರಾಂತಿಯ ಮಾತೇ ಬೇಡ. 2024-25ರ ಐಎಸ್‌ಎಲ್‌ನಲ್ಲಿ ಮೊದಲ ಎರಡು ಸ್ಥಾನದವರು ನೇರವಾಗಿ ಸೆಮಿಫೈನಲ್‌ಗೆ ಹೋದರು. ಮೂರನೇ ಸ್ಥಾನದ ಬೆಂಗಳೂರು ಒಂದು ಪಂದ್ಯ ಜಾಸ್ತಿ ಆಡಿ, ಮುಂಬೈಯನ್ನು 5-0ಯಿಂದ ಸೋಲಿಸಿ, ಆಮೇಲೆ ಸೆಮಿಗೆ ಹೋಗಬೇಕಾಯಿತು. ಆ ಒಂದು ಪಂದ್ಯ ಉಳಿಸಿಕೊಳ್ಳಲು ಎರಡನೇ ಸ್ಥಾನಕ್ಕಾಗಿ ಹೋರಾಡುವುದೇ ಒಳ್ಳೆಯ ವಿಶ್ರಾಂತಿ.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ಪ್ರಶ್ನೆ ನನ್ನನ್ನೇ ಕಾಡುತ್ತದೆ. ನಮ್ಮ ತಂಡಕ್ಕೆ ಇದು ಸರಿ, ಒಪ್ಪಿದೆ. ಪಾಯಿಂಟ್ ಪಟ್ಟಿಯಲ್ಲಿ ಕೆಳಗೆ ಹೋರಾಡುತ್ತಿರುವ ಬೇರೊಂದು ತಂಡಕ್ಕೆ? ಅವರ ಪ್ರತಿಸ್ಪರ್ಧಿಗೆ ನಮ್ಮ ಎರಡನೇ ಸಾಲು ಸಿಕ್ಕಿ, ಸುಲಭದ 3 ಅಂಕ ಹೋದರೆ ಅವರಿಗೆ ಅನ್ಯಾಯ ಅಲ್ವಾ?

ನನ್ನ ಅಭಿಪ್ರಾಯ: ಇಳಿದ ಹನ್ನೊಂದು ಜನ ಗೆಲ್ಲಲೆಂದೇ ಆಡಿದರೆ ಅನ್ಯಾಯ ಇಲ್ಲ. ಆ ಸ್ಥಾನಕ್ಕೆ ಬರಲು ಮೊದಲ ತಂಡ ಇಡೀ ಸೀಸನ್ ದುಡಿದಿದೆ. ಬೆಂಚಿನ ಹುಡುಗನೂ ತಂಡದ ಆಟಗಾರನೇ, ಅವನೂ ವರ್ಷವಿಡೀ ಕಾದಿದ್ದಾನೆ. ಅನ್ಯಾಯ ಅಂದರೆ ಆಡುವುದನ್ನೇ ಬಿಡುವುದು. 1982ರ ವಿಶ್ವಕಪ್‌ನಲ್ಲಿ ಸ್ಪೇನ್‌ನ ಹಿಹೋನ್ ಊರಿನಲ್ಲಿ ಅದು ನಡೆಯಿತು. ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ನಡುವೆ ಗುಂಪಿನ ಕೊನೆಯ ಪಂದ್ಯ. ಅದೇ ಗುಂಪಿನ ಅಲ್ಜೀರಿಯಾ ತನ್ನ ಕೊನೆಯ ಪಂದ್ಯವನ್ನು ಹಿಂದಿನ ದಿನವೇ ಮುಗಿಸಿತ್ತು. ಪಶ್ಚಿಮ ಜರ್ಮನಿ 1-0ಯಿಂದ ಗೆದ್ದರೆ ಜರ್ಮನಿ ಮತ್ತು ಆಸ್ಟ್ರಿಯಾ ಎರಡೂ ಮುಂದೆ ಹೋಗುತ್ತವೆ, ಅಲ್ಜೀರಿಯಾ ಹೊರಗೆ. ಜರ್ಮನಿ ಶುರುವಿನಲ್ಲೇ ಒಂದು ಗೋಲು ಹೊಡೆಯಿತು. ಉಳಿದ ಹೊತ್ತೆಲ್ಲಾ ಎರಡೂ ಕಡೆಯವರು ಸುಮ್ನೆ ಚೆಂಡು ಆ ಕಡೆ ಈ ಕಡೆ ತಳ್ಳಿಕೊಂಡು ನಿಂತರು. ಅದೇ ಜರ್ಮನಿಯನ್ನು ಸೋಲಿಸಿದ್ದ ಅಲ್ಜೀರಿಯಾ ಮನೆಗೆ ಹೋಯಿತು. 1986ರ ವಿಶ್ವಕಪ್‌ನಿಂದ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವುದು ಶುರುವಾದದ್ದು ಇದಕ್ಕೇ.

ನಮ್ಮ ಕಡೆಯ ಟೂರ್ನಮೆಂಟ್‌ಗಳಲ್ಲಿ ಇರುವುದು ಒಂದೇ ಮೈದಾನ, ಎರಡು ಪಂದ್ಯ ಒಟ್ಟಿಗೆ ಹೇಗೆ ಎಂದು ಆಯೋಜಕರು ಕೇಳಬಹುದು. ಚಿಕ್ಕ ಹುಡುಗರ ಟೂರ್ನಮೆಂಟ್ ಆದರೆ ಆಗುತ್ತದೆ. ಮೈದಾನವನ್ನು ಎರಡು ಭಾಗ ಮಾಡಿ, ಸುಣ್ಣದ ಗೆರೆ ಎಳೆದು, ಏಳೇಳು ಜನರ ಆಟವಾಗಿ ಕೊನೆಯ ಎರಡು ಪಂದ್ಯಗಳನ್ನು ಪಕ್ಕಪಕ್ಕದಲ್ಲೇ ನಡೆಸಿ. ನಾವು ಹಾಗೆ ಮಾಡಿದ್ದೇವೆ. ಎರಡು ಕಡೆಗೂ ಬೇರೆ ಬೇರೆ ಸದ್ದಿನ ಸೀಟಿ ಇರಲಿ. ಇಲ್ಲದಿದ್ದರೆ ಆ ಕಡೆ ಊದಿದಾಗ ಈ ಕಡೆಯ ಹುಡುಗರು ಆಟ ನಿಲ್ಲಿಸಿಬಿಡುತ್ತಾರೆ.