ಲಗ್ನಪತ್ರಿಕೆಯ ನೀಲಿ ಎಲ್ಲಿ ಹೋಯಿತು?

ತಂಗಿಯ ಲಗ್ನಪತ್ರಿಕೆಯ ಅಂಚಿಗೆ ಅವಳೇ ಹೊಳೆಯುವ ನೀಲಿ ಆರಿಸಿದ್ದಳು. ಅಚ್ಚಾಗಿ ಬಂದಾಗ ಅದು ಮಂಕು ನೇರಳೆ. ಫೋನನ್ನು ಕಾರ್ಡಿನ ಪಕ್ಕ ಹಿಡಿದು ನೋಡಿದಳು, ಮುಖ ಬಾಡಿತು. ಪ್ರೆಸ್‌ನವರು ಶಾಯಿ ಉಳಿಸಿದ್ದಾರೆ ಅಂತ ಮನೆಯಲ್ಲಿ ಎಲ್ಲರೂ ಬೈದೆವು. ಪಾಪ, ಅವರ ತಪ್ಪಿರಲಿಲ್ಲ.

ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ ಬಣ್ಣ ಮಾಡುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಮೇಲೆ ಬಿದ್ದ ಬೆಳಕಿನಲ್ಲಿ ಶಾಯಿ ಒಂದಿಷ್ಟು ನುಂಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ. ಅಚ್ಚಿನಲ್ಲಿ ನೀಲಿ ಬೇಕಾದರೆ ಸಯಾನ್ (ಹಸಿರು ಬೆರೆತ ತಿಳಿನೀಲಿ) ಮತ್ತು ಮೆಜೆಂಟಾ (ಕಡು ಗುಲಾಬಿ) ಶಾಯಿ ಎರಡೂ ಬೀಳಬೇಕು. ಮೆಜೆಂಟಾ ಶಾಯಿ ಹಸಿರನ್ನು ಮಾತ್ರ ನುಂಗಿದ್ದರೆ ಚೆನ್ನಾಗಿತ್ತು. ಅದು ನೀಲಿಯನ್ನೂ ಸ್ವಲ್ಪ ನುಂಗುತ್ತದೆ. ಹಾಗಾಗಿ ಪರದೆಯ ಆ ಹೊಳಪು ಕಾಗದಕ್ಕೆ ಬರುವುದೇ ಇಲ್ಲ.

ಇನ್ನೊಂದು ತೊಡಕು ಅಂಕಿಯದು. ಕಂಪ್ಯೂಟರ್‌ನಲ್ಲಿ ಬಣ್ಣ ಅಂದರೆ 0ರಿಂದ 255ರವರೆಗಿನ 3 ಅಂಕಿಗಳು. ಹಿಂದೆ ಸೇರಿನ ಅಳತೆ ಊರಿಂದ ಊರಿಗೆ ಬದಲಾಗುತ್ತಿತ್ತು. ಎರಡು ಸೇರು ಅಕ್ಕಿ ಅಂದರೆ ಯಾವೂರ ಸೇರು ಅಂತ ಕೇಳಬೇಕಿತ್ತು, ಅಲ್ವಾ? ಇಲ್ಲೂ ಹಾಗೇ, ಅವೇ ಅಂಕಿಗಳು ಒಂದೊಂದು ಯಂತ್ರದಲ್ಲಿ ಒಂದೊಂದು ಬಣ್ಣವಾಗಿ ಕಾಣುತ್ತವೆ. ಆ ಪ್ರಶ್ನೆಗೆ ಉತ್ತರ ಫೈಲಿನೊಳಗಿನ ಐಸಿಸಿ ಪ್ರೊಫೈಲ್, ಅಂದರೆ ಈ ಅಂಕಿಗಳು ನಿಜವಾಗಿ ಯಾವ ಬಣ್ಣ ಎಂದು ಹೇಳುವ ವಿವರ. ಇದರ ನಿಯಮ ರೂಪಿಸುವ ಐಸಿಸಿ (ಇಂಟರ್ನ್ಯಾಷನಲ್ ಕಲರ್ ಕನ್ಸಾರ್ಟಿಯಂ) ಎಂಬ ಒಕ್ಕೂಟ ಹುಟ್ಟಿದ್ದು 1993ರಲ್ಲಿ. ಮನುಷ್ಯನ ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆ ಎಂಬ 1931ರ ಅಳತೆಯೇ ಈ ಪ್ರೊಫೈಲಿಗೆ ಬುನಾದಿ. ಫೈಲ್ ಬದಲಿಸುವಾಗ ಪ್ರೊಫೈಲ್ ಕಳಚಿಹೋದರೆ ಮುಂದಿನ ಸಾಫ್ಟ್‌ವೇರ್ ಸುಮ್ನೆ ಊಹಿಸುತ್ತದೆ. ಸಾಮಾನ್ಯವಾಗಿ ಪರದೆಗಳಲ್ಲಿ ರೂಢಿಯಲ್ಲಿರುವ ಅಳತೆಯಾದ ಎಸ್‌ಆರ್‌ಜಿಬಿ ಎಂದುಕೊಳ್ಳುತ್ತದೆ.

ಕಾಗದಕ್ಕೆ ನಿಲುಕದ ಬಣ್ಣವನ್ನು ಏನು ಮಾಡಬೇಕು? ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಕುಗ್ಗಿಸಬಹುದು, ಆಗ ಛಾಯೆಗಳ ನಡುವಿನ ಸಂಬಂಧ ಉಳಿಯುತ್ತದೆ. ಇಲ್ಲವೇ ನಿಲುಕುವುದನ್ನು ಮುಟ್ಟದೆ, ನಿಲುಕದ್ದನ್ನಷ್ಟೇ ಅಂಚಿಗೆ ತಂದು ಕೂರಿಸಬಹುದು. ರೇಷ್ಮೆ ಸೀರೆಯ ಫೋಟೊಗೆ ನಾನು ಮೊದಲನೆಯದನ್ನೇ ಆರಿಸುತ್ತೇನೆ. ಲಾಂಛನಕ್ಕೆ ಎರಡನೆಯದು.

ಕನ್ನಡದ ಅಕ್ಷರಗಳ ಬಗ್ಗೆ ನನಗೆ ಜಾಸ್ತಿ ಕಾಳಜಿ. ಪರದೆಯ ಕಪ್ಪನ್ನು ಹಾಗೇ ಅಚ್ಚಿಗೆ ಬದಲಿಸಿದರೆ ಅದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ 4 ಶಾಯಿಗಳ ಮಿಶ್ರಣವಾಗುತ್ತದೆ. ಅಚ್ಚಿನಲ್ಲಿ ಒಂದು ಶಾಯಿ ಕೂದಲೆಳೆಯಷ್ಟು ಸರಿದರೂ ಸಣ್ಣ ಒತ್ತಕ್ಷರದ ಸುತ್ತ ಬಣ್ಣದ ಗೆರೆ ಮೂಡುತ್ತದೆ, ಓದಲು ಕಷ್ಟ. ಅಕ್ಷರಕ್ಕೆ ಕಪ್ಪು ಶಾಯಿ ಒಂದೇ ಸಾಕು.

ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಅಚ್ಚಿಗೆಂದು ಬದಲಿಸುವಾಗ ಹೋದ ಬಣ್ಣ ಮತ್ತೆ ತಿರುಗಿಸಿದರೆ ಬರುವುದಿಲ್ಲ. ಮೊನ್ನೆ ಆ ಲಗ್ನಪತ್ರಿಕೆಯ ಮೂಲ ಫೈಲ್ ತೆರೆದು, ಅಚ್ಚಿನ ಪ್ರೊಫೈಲ್ ಹಾಕಿ ಸಾಫ್ಟ್ ಪ್ರೂಫ್ (ಅಚ್ಚು ಹೇಗೆ ಬರುತ್ತದೆಂದು ಪರದೆಯಲ್ಲೇ ತೋರಿಸುವ ಮಾದರಿ) ನೋಡಿದೆ. ಅದೇ ಮಂಕು ನೇರಳೆ, ಪರದೆಯ ಮೇಲೇ ಕಾಣಿಸಿತು.